ಹಡಗಿನಿಂದ ಇಳಿದು ಹೋದ ಆಟಗಳು

ನವೆಂಬರ್ ಬಂತೆಂದರೆ ಪಣಂಬೂರಿಗೆ ಪ್ರವಾಸಿ ಹಡಗುಗಳ ಸೀಸನ್. ಬೆಳಿಗ್ಗೆ ಹಡಗು ಬಂದು ನಿಲ್ಲುತ್ತದೆ, ಚೆಂಡೆ ಬಡಿಯುತ್ತದೆ, ಯಕ್ಷಗಾನದ ವೇಷದವರ ಪಕ್ಕ ನಿಂತು ವಿದೇಶಿಯರು ಫೋಟೊ ತೆಗೆಸಿಕೊಳ್ಳುತ್ತಾರೆ. ಆಮೇಲೆ ಬಸ್ಸು ಹತ್ತಿ ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಫ್ಯಾಕ್ಟರಿ, ಕುದ್ರೋಳಿ ದೇವಸ್ಥಾನ ಎಂದು ಸುತ್ತಿ ಸಂಜೆಗೆ ವಾಪಸ್. ಹೊತ್ತು ಮುಳುಗುವಾಗ ಹಡಗು ಹೊರಟಾಯಿತು.

ಕಳೆದ ಸೀಸನ್ನಿನಲ್ಲಿ ಅಂಥದೊಂದು ಹಡಗು ಹೊರಡುವುದನ್ನು ನೋಡಲು ಮಾವನನ್ನು ಬೀಚಿಗೆ ಕರೆದುಕೊಂಡು ಹೋಗಿದ್ದೆ. ಮಾವ ಅಂದರೆ ಅಮ್ಮನ ಅಣ್ಣ. ಇಪ್ಪತ್ತೆಂಟು ವರ್ಷ ಶಿಪ್ಪಿಗೆ ಹೋದವರು. ಎಂಟು ತಿಂಗಳು ಕಾಂಟ್ರಾಕ್ಟ್, ಎರಡು ತಿಂಗಳು ರಜೆ. ನಮ್ಮ ಬಾಲ್ಯದ ಚಾಕಲೇಟಿನ ಲೆಕ್ಕವೆಲ್ಲ ಆ ರಜೆಯ ಮೇಲೆಯೇ ನಡೆದದ್ದು. ಹಡಗು ಬಂದರಿನ ಬಾಯಿ ದಾಟಿ ಬರುತ್ತಿದ್ದಂತೆ ಅವರು ನನ್ನ ಫೋನನ್ನು ತೋರಿಸಿ, “ಜೂಮ್ ಮಾಡು ಮಾರಾಯ್ತಿ, ಮೇಲಿನ ಡೆಕ್ಕಲ್ಲಿ ಎಂತ ಉಂಟು ನೋಡು” ಎಂದರು.

“ದೊಡ್ಡ ಟಿವಿ ಒಂದು ಕಾಣ್ತದೆ ಮಾವ.”

“ಅದಲ್ಲ. ನೆಲದಲ್ಲಿ ಗೆರೆ ಉಂಟಾ? ತ್ರಿಕೋನದ ಹಾಗೆ?”

ಮರಳಿನ ಮೇಲೆ ನಿಂತು ಹತ್ತಂತಸ್ತಿನ ಹಡಗಿನ ನೆಲ ನೋಡುವುದು ಹೇಗೆ? ಆದರೆ ಪ್ರಶ್ನೆ ತಲೆಯಲ್ಲಿ ಕೂತಿತು. ರಾತ್ರಿ ಅದೇ ಹಡಗಿನ ಒಂದು ವೀಡಿಯೊ ಹುಡುಕಿ ಅವರಿಗೆ ತೋರಿಸಿದೆ. ಯಾರೋ ಪ್ರಯಾಣಿಕರು ಡೆಕ್ ಸುತ್ತುತ್ತಾ ತೆಗೆದದ್ದು. ಒಂದು ಕಡೆ ಗೆರೆ ನಿಜಕ್ಕೂ ಇತ್ತು. ಮಾಸಿದ ಹಸಿರು ನೆಲದ ಮೇಲೆ ಬಿಳಿ ಬಣ್ಣದ 7, ಅದರ ಪಕ್ಕ ಇನ್ನೊಂದು 7. ಉಳಿದ ಅಂಕಿಗಳ ಮೇಲೆ ಬಿಸಿಲು ಕಾಯಿಸುವ ಒರಗುಕುರ್ಚಿಗಳನ್ನು ಸಾಲಾಗಿ ಜೋಡಿಸಿದ್ದರು. ಮಾವ ವೀಡಿಯೊ ನಿಲ್ಲಿಸಿ ಅಷ್ಟೇ ಭಾಗವನ್ನು ಎರಡು ಸಲ ನೋಡಿದರು.

ಆ ಗೆರೆಗಳದ್ದು ಶಫಲ್‌ಬೋರ್ಡ್ ಎಂಬ ಆಟ. ಉದ್ದನೆಯ ಕೋಲಿನಿಂದ ಮರದ ಬಿಲ್ಲೆಗಳನ್ನು ನೆಲದ ಮೇಲೆ ಜಾರಿಸಿ ತಳ್ಳಬೇಕು. ತ್ರಿಕೋನದ ತುದಿಗೆ ಬಿದ್ದರೆ 10, ನಡುವೆ 8, ಆಮೇಲೆ 7. ಇನ್ನೂ ಮುಂದೆ ಜಾರಿದರೆ ಹತ್ತು ಅಂಕ ಕಳೆಯುತ್ತಾರೆ. ಎದುರಾಳಿಯ ಬಿಲ್ಲೆಯನ್ನು ಹೊಡೆದು ಆ ನಷ್ಟದ ಮನೆಗೆ ನೂಕುವುದರಲ್ಲೇ ಮಜಾ ಇರುವುದು. ಕೇರಂ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ನೂರು ವರ್ಷದ ಹಿಂದೆ ಪ್ರಯಾಣಿಕರ ಹಡಗು ಎಂದರೆ ಜನರ ಕಣ್ಣಿಗೆ ಕಟ್ಟುತ್ತಿದ್ದ ಚಿತ್ರದಲ್ಲಿ ಈ ಆಟ ಇರಲೇಬೇಕಿತ್ತು. ಇವತ್ತು ಅದರ ಮೇಲೆ ಕುರ್ಚಿ ಬಂದು ಕೂತಿದೆ. ಯಾಕೆ ಎಂದು ಕೇಳಿದರೆ ಹೆಚ್ಚಿನವರು ಮೊಬೈಲಿನ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುತ್ತಾರೆ. ಅದು ಅರ್ಧ ಸತ್ಯವೂ ಅಲ್ಲ. ಮೊಬೈಲು ಬರುವ ಹೊತ್ತಿಗೆ ಈ ಆಟಗಳ ಕೆಳಗಿನ ನೆಲವೇ ಮಾರಾಟವಾಗಿತ್ತು.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ನಾವು ಇವತ್ತು ಕ್ರೂಸ್ ಎನ್ನುವ ಹಡಗೂ ಹಿಂದಿನ ಕಾಲದ ಪ್ರಯಾಣಿಕರ ಹಡಗೂ ನೋಡಲು ಒಂದೇ ಥರ ಇದ್ದರೂ ಬೇರೆ ಬೇರೆ ಕಸುಬಿನವು. ಹಿಂದಿನದು ಬಸ್ಸಿನಂತೆ: ಜನ ಹತ್ತುತ್ತಿದ್ದದ್ದು ಎಲ್ಲಿಗೋ ಮುಟ್ಟಲಿಕ್ಕೆ. ನಮ್ಮ ಕರಾವಳಿಯವರು ಬೊಂಬಾಯಿಗೆ ಹೋಗಿ ಅಲ್ಲಿಂದ ಬ್ರಿಟಿಷ್ ಇಂಡಿಯಾ ಕಂಪನಿಯ ಕಂಪಾಲಾ, ಕರಂಜಾ ಹಡಗುಗಳಲ್ಲಿ ಪೂರ್ವ ಆಫ್ರಿಕಕ್ಕೆ ಹೋದದ್ದು ಹಾಗೆ. ಅದೇ ಕಂಪನಿಯ ದ್ವಾರಕಾ ಹಡಗಿನಲ್ಲಿ ಗಲ್ಫಿಗೆ ಹೋದದ್ದೂ ಹಾಗೆಯೇ. ದ್ವಾರಕಾ 1982ರವರೆಗೂ ಓಡಿತು. ಕ್ರೂಸ್ ಹಡಗು ಎಲ್ಲಿಗೂ ಮುಟ್ಟಿಸುವುದಿಲ್ಲ, ಹತ್ತಿಸಿಕೊಂಡ ಬಂದರಿಗೇ ತಂದು ಇಳಿಸಿದರೂ ಯಾರೂ ದೂರುವುದಿಲ್ಲ.

ಬಸ್ಸಿನಂಥ ಹಡಗಿನಲ್ಲಿ ಪ್ರಯಾಣಿಕನಿಗೆ ಬೇಡವೆಂದರೂ ಸಿಗುತ್ತಿದ್ದದ್ದು ಸಮಯ. ಅಟ್ಲಾಂಟಿಕ್ ದಾಟಲು ಐದಾರು ದಿನ, ಇಂಡಿಯಾದಿಂದ ಇಂಗ್ಲೆಂಡಿಗೆ ವಾರಗಟ್ಟಲೆ. ಸುತ್ತ ನೀರು. ಇದನ್ನು ಅರ್ಥ ಮಾಡಿಕೊಳ್ಳಲು ತುಳುನಾಡಿನವರು ದೂರ ಹೋಗಬೇಕಿಲ್ಲ, ಆಟಿ ತಿಂಗಳನ್ನು ನೆನಪಿಸಿಕೊಂಡರೆ ಸಾಕು. ಹೊರಗೆ ಜಡಿಮಳೆ, ಗದ್ದೆಯ ಕೆಲಸ ಮುಗಿದಿದೆ, ಎಲ್ಲಿಗೂ ಹೋಗುವಂತಿಲ್ಲ. ಆಗ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಮಂಜೊಟ್ಟಿ ಕಾಯಿ. ಆಟಿ ಮುಗಿದರೆ ಮಣೆ ವಾಪಸ್ ಅಟ್ಟಕ್ಕೆ. ಹಡಗಿನವರು ದಡ ಮುಟ್ಟದ ದಿನವನ್ನು ‘ಸೀ ಡೇ’ ಎನ್ನುತ್ತಾರೆ. ಸೀ ಡೇ ಅಂದರೆ ನೀರಿನ ಮೇಲಿನ ಆಟಿ. ಹಡಗಿನ ಆಟಗಳೆಲ್ಲ ಆ ಆಟಿಯಲ್ಲಿ ಹುಟ್ಟಿದವು.

ಹುಟ್ಟಿದ್ದೂ ಹಡಗಿನಲ್ಲಿ ಸಿಗುವ ಸಾಮಾನಿನಿಂದಲೇ: ಹಗ್ಗ, ಕ್ಯಾನ್ವಾಸು, ಮರ, ಸೀಮೆಸುಣ್ಣ. ಡೆಕ್ ಕಾಯ್ಟ್ಸ್ ಎಂದರೆ ಹಗ್ಗದ ಬಳೆಗಳನ್ನು ಗುರಿಯಿಟ್ಟು ಎಸೆಯುವುದು. ಬುಲ್ ಬೋರ್ಡ್ ಎಂದರೆ ಅಂಕಿ ಬರೆದ ಇಳಿಜಾರು ಹಲಗೆಯ ಮೇಲೆ ಒಂದರಿಂದ ಹತ್ತರವರೆಗೆ ಕ್ರಮ ತಪ್ಪದೆ ಬಿಲ್ಲೆ ಬೀಳಿಸುವುದು. ಮೂಲೆಯ ಗೂಳಿಯ ಚಿತ್ರದ ಮೇಲೆ ಅಕಾಲದಲ್ಲಿ ಬಿತ್ತೋ, ಗಳಿಸಿದ್ದೂ ಹೋಯಿತು. ಕಣ್ಣಿಗೆ ಬಟ್ಟೆ ಕಟ್ಟಿ ಡೆಕ್ಕಿನ ಮೇಲೆ ಬರೆದ ಹಂದಿಗೆ ಕಣ್ಣು ಇಡಿಸುತ್ತಿದ್ದರು. ನೀರಿನ ತೊಟ್ಟಿಯ ಮೇಲೆ ಅಡ್ಡಲಾಗಿ ಜಾರುವ ಕಂಬ ಕಟ್ಟಿ ಅದರ ಮೇಲೆ ಕೂತ ಇಬ್ಬರಿಗೆ ದಿಂಬಿನಲ್ಲಿ ಹೊಡೆದಾಡಲು ಬಿಡುತ್ತಿದ್ದರು. ಚಮಚದಲ್ಲಿ ಮೊಟ್ಟೆ ಇಟ್ಟುಕೊಂಡು ಓಡುವುದಂತೂ ನಮ್ಮ ಶಾಲೆಗಳಲ್ಲಿ ಲಿಂಬೆಹಣ್ಣಿನ ರೂಪದಲ್ಲಿ ಇಂದಿಗೂ ಇದೆ. ಮರದ ಕುದುರೆಗಳ ರೇಸು ಇನ್ನೊಂದು: ಡೆಕ್ಕಿನ ಮೇಲೆ ಚೌಕಗಳ ಪಟ್ಟಿ, ದಾಳ ಉರುಳಿಸಿದಷ್ಟು ಚೌಕ ಕುದುರೆ ಮುಂದಕ್ಕೆ, ಸುತ್ತ ನಿಂತವರ ಬಾಜಿ, ಬಂದ ದುಡ್ಡಿನಲ್ಲಿ ಒಂದು ಪಾಲು ನಾವಿಕರ ಕಲ್ಯಾಣ ನಿಧಿಗೆ.

ಮಾವನ ಮನೆಯ ಜಗಲಿಯ ಮೊಳೆಗೆ ನೇತುಹಾಕಿದ ಒಂದು ಹಗ್ಗದ ಬಳೆ ಈಗಲೂ ಇದೆ. ಅದನ್ನು ಮಾಡುವುದು ಹೇಗೆಂದು ಅವರು ಒಮ್ಮೆ ಹಟ್ಟಿಯ ಹಗ್ಗದಲ್ಲಿ ತೋರಿಸಿಕೊಟ್ಟಿದ್ದರು. ಮೂರೆಳೆಯ ಹಗ್ಗ ಬಿಚ್ಚಿ ಒಂದೇ ಎಳೆ ತೆಗೆಯಬೇಕು. ಆ ಎಳೆ ತನ್ನ ಮುರಿ ಬಿಟ್ಟಿರುವುದಿಲ್ಲ, ಬಿಚ್ಚಿದ ಮೇಲೂ ಬುಗುರಿಯ ಚಾಟಿಯ ಹಾಗೆ ಸುರುಳಿಯಾಗಿಯೇ ಇರುತ್ತದೆ. ಅದನ್ನು ಬೇಕಾದ ಅಗಲಕ್ಕೆ ಬಳೆ ಮಾಡಿ, ಅದರದ್ದೇ ಮುರಿಯ ಜಾಡಿನಲ್ಲಿ ಅದನ್ನೇ ಇನ್ನೊಂದು ಸುತ್ತು ಕೂರಿಸಬೇಕು, ಮತ್ತೆ ಮೂರನೆಯ ಸುತ್ತು. ಆಗ ಒಂದೇ ಎಳೆ ಮೂರೆಳೆಯ ಹಗ್ಗವಾಗಿ ಬಿಡುತ್ತದೆ, ಎಲ್ಲೂ ಗಂಟು ಕಾಣದು. ಕೊನೆಯ ಎರಡು ತುದಿಗಳನ್ನು ಸೀಳಿ ಒಳಗೆ ತುರುಕಿದರೆ ಮುಗಿಯಿತು. “ಅಂಗಡಿಯಲ್ಲಿ ಸಿಕ್ಕುದಿಲ್ಲ ಇದು, ಡೆಕ್ಕಿನವರು ಕೂತು ಮಾಡಿ ಕೊಡುದು” ಎಂದು ಹೇಳುವಾಗ ಮಾವನ ಬೆರಳು ಆ ಜಾಡಿನಲ್ಲೇ ಓಡಾಡುತ್ತಿತ್ತು. ಖರ್ಚು ಎಷ್ಟು? ಒಂದೂವರೆ ಮಾರು ಹಳೆ ಹಗ್ಗ. ಆದಾಯ ಎಷ್ಟು? ಸೊನ್ನೆ. ಈ ಸೊನ್ನೆಯನ್ನು ನೆನಪಿಟ್ಟುಕೊಳ್ಳಿ.

ಎಲ್ಲ ಆಟಗಳಿಗಿಂತ ನನಗೆ ಕುತೂಹಲ ಹುಟ್ಟಿಸಿದ್ದು ಹಡಗಿನ ಓಟದ ಮೇಲೆ ಕಟ್ಟುತ್ತಿದ್ದ ಬಾಜಿ. ಇವತ್ತು ಮಧ್ಯಾಹ್ನದಿಂದ ನಾಳೆ ಮಧ್ಯಾಹ್ನದವರೆಗೆ ಹಡಗು ಎಷ್ಟು ಮೈಲು ಹೋಗುತ್ತದೆ? ಸೂರ್ಯ ನೆತ್ತಿಗೆ ಬಂದಾಗ ಅಧಿಕಾರಿಗಳು ಸೂರ್ಯನ ಎತ್ತರ ಅಳೆಯುವ ಸೆಕ್ಸ್‌ಟೆಂಟ್ ಹಿಡಿದು ಹಡಗು ಎಲ್ಲಿದೆ ಎಂದು ಲೆಕ್ಕ ಹಾಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಗೋಡೆಯ ಫಲಕದಲ್ಲಿ ಒಂದು ಅಂಕಿ ಬೀಳುತ್ತಿತ್ತು. ಅದಕ್ಕೆ ಮೊದಲು ಅಂದಾಜಿನ ಆಚೀಚೆಯ ಇಪ್ಪತ್ತು ಅಂಕಿಗಳನ್ನು ಚೀಟಿ ಎತ್ತಿ ಹಂಚಿ, ಧೂಮಪಾನದ ಕೋಣೆಯಲ್ಲಿ ಒಂದೊಂದನ್ನೂ ಏಲಂ ಹಾಕುತ್ತಿದ್ದರು, ಥೇಟ್ ನಮ್ಮ ಧಕ್ಕೆಯಲ್ಲಿ ಮೀನಿನ ಬುಟ್ಟಿ ಏಲಂ ಕೂಗಿದ ಹಾಗೆ. ಆ ಸಾಲಿನ ಎಲ್ಲ ಅಂಕಿಗಳಿಗಿಂತ ಮೇಲೆ, ಎಲ್ಲಕ್ಕಿಂತ ಕೆಳಗೆ ಎಂದೂ ಎರಡು ಚೀಟಿ. ರಾತ್ರಿ ಗಾಳಿ ಎದ್ದರೆ ಕೆಳಗಿನ ಚೀಟಿಯವನ ಮುಖ ಅರಳುತ್ತಿತ್ತು, ಉಳಿದವರು ಕಿಟಕಿಯ ಹತ್ತಿರ ನಿಂತು ಅಲೆಗೆ ಶಾಪ ಹಾಕುತ್ತಿದ್ದರು.

ಇದರಲ್ಲೊಂದು ಸೂಕ್ಷ್ಮವೂ ಇತ್ತು. ಹಡಗು ಪೂರ್ವಕ್ಕೆ ಹೋಗುವಾಗ ದಿನಾ ಗಡಿಯಾರವನ್ನು ಸುಮಾರು ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕು, ಪಶ್ಚಿಮಕ್ಕೆ ಹೋಗುವಾಗ ಹಿಂದಕ್ಕೆ. ಹಾಗಾಗಿ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಒಂದು ಕಡೆ 23 ಗಂಟೆ, ಇನ್ನೊಂದು ಕಡೆ 25. 1936ರಲ್ಲಿ ಓಡಾಟ ಶುರುಮಾಡಿದ ಕ್ವೀನ್ ಮೇರಿಯ ವೇಗ ಗಂಟೆಗೆ ಸುಮಾರು 28.5 ನಾಟಿಕಲ್ ಮೈಲು. ಅಮೆರಿಕದ ಕಡೆ ಹೋಗುವಾಗ ದಿನಕ್ಕೆ ಹತ್ತಿರ ಹತ್ತಿರ 712, ಇಂಗ್ಲೆಂಡಿನ ಕಡೆ ಬರುವಾಗ 655. ಯಂತ್ರ ಅದೇ, ನೀರು ಅದೇ, ಅಂಕಿ ಮಾತ್ರ ಬೇರೆ. ಇದು ಗೊತ್ತಿಲ್ಲದೆ ಬಾಜಿ ಕಟ್ಟಿದವನ ಜೇಬು ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ. ಇಂಥವರನ್ನೇ ಹುಡುಕಿಕೊಂಡು ಹಡಗು ಹತ್ತುವ ವೃತ್ತಿಪರ ಜೂಜುಕೋರರೂ ಇದ್ದರು. ಅಟ್ಲಾಂಟಿಕ್ ಹಡಗುಗಳಲ್ಲಿ ಅವರ ಬಗ್ಗೆ ಎಚ್ಚರಿಕೆಯ ಬೋರ್ಡು ಹಾಕುತ್ತಿದ್ದರು.

ಈ ಬಾಜಿ ನಡೆಯಬೇಕಾದರೆ ಹಡಗು ಎಲ್ಲಿದೆ ಎಂಬುದು ಗುಟ್ಟಾಗಿರಬೇಕು. ಈಗ ಕ್ಯಾಬಿನ್ನಿನ ಟಿವಿ ಹಾಕಿದರೆ ನಕ್ಷೆಯ ಮೇಲೆ ಹಡಗಿನ ಚಿತ್ರ, ವೇಗ, ಅಕ್ಷಾಂಶ ಎಲ್ಲ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ದಿನಾ ಒಂದೊಂದು ಬಂದರಿನಲ್ಲಿ ನಿಲ್ಲುವ ಹಡಗಿಗೆ ಮಧ್ಯಾಹ್ನದಿಂದ ಮಧ್ಯಾಹ್ನದ ಓಟ ಎನ್ನುವುದೇ ಇಲ್ಲ.

ಭೂಮಧ್ಯರೇಖೆ ದಾಟುವಾಗಿನ ಗಲಾಟೆ ಇನ್ನೂ ಹಳೆಯದು. ಸಮುದ್ರರಾಜ ನೆಪ್ಚೂನನ ವೇಷದಲ್ಲಿ ಒಬ್ಬ ಬರುತ್ತಾನೆ, ಮೊದಲ ಸಲ ರೇಖೆ ದಾಟುವವರ ಮೇಲೆ ವಿಚಾರಣೆ ನಡೆಸಿ ಶಿಕ್ಷೆ ಕೊಡುತ್ತಾನೆ. 1832ರ ಫೆಬ್ರವರಿಯಲ್ಲಿ ಬೀಗಲ್ ಹಡಗಿನಲ್ಲಿದ್ದ ಚಾರ್ಲ್ಸ್ ಡಾರ್ವಿನ್‌ನ ಮುಖಕ್ಕೂ ಡಾಂಬರು, ಬಣ್ಣ ಬಳಿದು, ಕಬ್ಬಿಣದ ಪಟ್ಟಿಯಲ್ಲಿ ‘ಕ್ಷೌರ’ ಮಾಡಿ ನೀರಿಗೆ ಕೆಡವಿದ್ದರು. ಪಣಂಬೂರು ಇರುವುದು ಸುಮಾರು 12.9 ಡಿಗ್ರಿ ಉತ್ತರದಲ್ಲಿ. ಡಿಗ್ರಿಗೆ 60 ನಾಟಿಕಲ್ ಮೈಲಿನಂತೆ ನೆಟ್ಟಗೆ ದಕ್ಷಿಣಕ್ಕೆ ಸುಮಾರು 774 ಮೈಲು ಹೋದರೆ ಆ ರೇಖೆ. ಈ ಪದ್ಧತಿ ಪೂರಾ ಸತ್ತಿಲ್ಲ, ಸಪ್ಪೆಯಾಗಿದೆ. ಈಗ ಕುತ್ತಿಗೆಯ ಹಿಂದೆ ಒಂದಿಷ್ಟು ಐಸು ಸುರಿದು, ಒಂದು ಮೀನಿಗೆ ಮುತ್ತು ಕೊಡಿಸಿ, ಪ್ರಮಾಣಪತ್ರ ಕೊಟ್ಟು ಕಳಿಸುತ್ತಾರೆ. ಇದಕ್ಕೆ ವಕೀಲರ ಭಯವೂ ಒಂದು ಕಾರಣ. ಜಾರುವ ಕಂಬದಿಂದ ಬಿದ್ದು ಸೊಂಟ ಮುರಿದುಕೊಂಡರೆ ಹಿಂದಿನವರು ನಗುತ್ತಿದ್ದರು, ಈಗಿನವರು ನೋಟಿಸು ಕಳಿಸುತ್ತಾರೆ.

ಇಷ್ಟೆಲ್ಲ ಆಟ ಆಡುತ್ತಿದ್ದವರು ಮೇಲಿನ ದರ್ಜೆಯವರು ಎಂಬುದನ್ನೂ ಹೇಳಿಬಿಡಬೇಕು. ನಮ್ಮವರು ಗಲ್ಫಿಗೂ ಆಫ್ರಿಕಕ್ಕೂ ಹೋದದ್ದು ಬಹುಪಾಲು ಡೆಕ್ ಪ್ಯಾಸೆಂಜರುಗಳಾಗಿ. ಅವರ ಪಾಲಿಗೆ ಡೆಕ್ ಎಂದರೆ ಚಾಪೆ ಹಾಸಿ ಮಲಗುವ ಜಾಗ. ಹೊತ್ತು ಕಳೆಯಲು ಇಸ್ಪೀಟಿನ ಕಟ್ಟು, ಪಕ್ಕದವನ ಊರಿನ ಸುದ್ದಿ. ಹಡಗಿನ ಹಳೆಯ ಆಟಗಳ ಬಗ್ಗೆ ಕಣ್ಣೀರು ಹಾಕುವ ಇಂಗ್ಲಿಷ್ ಬರಹಗಳಲ್ಲಿ ಈ ಚಾಪೆಯ ಪ್ರಸ್ತಾಪ ಕಾಣುವುದು ಅಪರೂಪ.

ಬಸ್ಸಿನಂಥ ಹಡಗನ್ನು ಮುಗಿಸಿದ್ದು ವಿಮಾನ. 1958ರಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ಹಾರತೊಡಗಿತು; ಐದು ದಿನದ ದಾರಿ ಏಳೆಂಟು ಗಂಟೆಗೆ ಇಳಿಯಿತು. ಹಡಗಿನ ಕಂಪನಿಗಳು ಬದುಕಲು ಒಂದೇ ದಾರಿ ಉಳಿಯಿತು: ಪ್ರಯಾಣವನ್ನೇ ರಜೆಯಾಗಿ ಮಾರುವುದು. ಹಾಗೆ ಹುಟ್ಟಿದ ಕ್ರೂಸ್ ಹಡಗುಗಳು ಮೊದಲ ಇಪ್ಪತ್ತು ಇಪ್ಪತ್ತೈದು ವರ್ಷ ಹಳೆಯ ಆಟಗಳನ್ನು ಹಾಗೇ ಹೊತ್ತುಕೊಂಡು ಹೋದವು. ಮಾವ ಸೇರಿದ್ದು ಅಂಥ ಕಾಲದಲ್ಲಿ, ಡೆಕ್ ಸ್ಟೀವರ್ಡ್ ಆಗಿ. ಬೆಳಿಗ್ಗೆ ಎಂಟಕ್ಕೆ ಪೆಟ್ಟಿಗೆಯಿಂದ ಹಗ್ಗದ ಬಳೆ, ಕೋಲು, ಬಿಲ್ಲೆ ತೆಗೆದಿಡುವುದು, ಸಂಜೆ ಲೆಕ್ಕ ಮಾಡಿ ಒಳಗಿಡುವುದು ಅವರ ಕೆಲಸ. “ಸಂಜೆಗೆ ಎರಡು ಬಿಲ್ಲೆ ಕಮ್ಮಿ ಬಂದರೆ ಸಮುದ್ರಕ್ಕೆ ಹೋಯ್ತು ಅಂತ ಬರೆದು ಸೈನು ಮಾಡುದು, ಅಷ್ಟೇ.”

ಹಾಗಾದರೆ ಕೆಟ್ಟದ್ದು ಎಲ್ಲಿ? ಇಲ್ಲಿ ದುಡ್ಡಿನ ಲೆಕ್ಕ ನೋಡಬೇಕು. ಕ್ರೂಸ್ ಟಿಕೆಟು ಅಗ್ಗವಾಗುತ್ತಾ ಬಂತು. ಕಡಿಮೆ ದರಕ್ಕೆ ಜನರನ್ನು ಹತ್ತಿಸಿಕೊಂಡು, ಹತ್ತಿದ ಮೇಲೆ ಖರ್ಚು ಮಾಡಿಸುವುದು ಇದರ ಗುಟ್ಟು: ಮದ್ಯ, ಕ್ಯಾಸಿನೊ, ಮಸಾಜು, ಫೋಟೊ, ದಡದ ಸುತ್ತಾಟ, ಇಂಟರ್ನೆಟ್ಟು. ಜಗತ್ತಿನ ಅತಿ ದೊಡ್ಡ ಕ್ರೂಸ್ ಸಂಸ್ಥೆ ಕಾರ್ನಿವಲ್‌ನ 2023ರ ಆದಾಯ ಸುಮಾರು 2,160 ಕೋಟಿ ಡಾಲರ್. ಅದರಲ್ಲಿ ಟಿಕೆಟಿನಿಂದ ಬಂದದ್ದು 1,400 ಕೋಟಿಯ ಆಸುಪಾಸು. ಉಳಿದ ಸುಮಾರು 750 ಕೋಟಿ, ಅಂದರೆ ಮೂರರಲ್ಲೊಂದು ಭಾಗ, ಹಡಗಿನೊಳಗಿನ ಖರ್ಚು ಮತ್ತು ಇತರೆ ಬಾಬ್ತುಗಳದ್ದು. ಈ ಲೆಕ್ಕ ಇಟ್ಟುಕೊಂಡ ಕಣ್ಣಿಗೆ ಶಫಲ್‌ಬೋರ್ಡ್ ಅಂಕಣ ಹೇಗೆ ಕಂಡೀತು? ಸುಮಾರು ಐವತ್ತು ಅಡಿ ಉದ್ದದ ಜಾಗ, ಆಡುವವರು ನಾಲ್ಕೇ ಜನ, ಬರುವ ದುಡ್ಡು ಸೊನ್ನೆ. ಅದೇ ಜಾಗದಲ್ಲಿ ಇಪ್ಪತ್ತು ಒರಗುಕುರ್ಚಿ ಹಾಕಿ ಪಕ್ಕದಲ್ಲೊಂದು ಬಾರ್ ಇಟ್ಟರೆ ಲೆಕ್ಕವೇ ಬೇರೆ. ಮಾವನ ಕಣ್ಣೆದುರೇ ಇದು ನಡೆಯಿತು. ರಿಪೇರಿಗೆಂದು ಡ್ರೈಡಾಕಿಗೆ ಹೋದ ಹಡಗು ಹೊರಗೆ ಬಂದಾಗ ಆಟದ ಪೆಟ್ಟಿಗೆಯ ಜಾಗದಲ್ಲಿ ಬಾರ್ ಬಂದಿತ್ತು. ಅವರನ್ನು ಅದೇ ಬಾರಿಗೆ ಹಾಕಿದರು, ದಿನಕ್ಕೆ ಇಷ್ಟು ಮಾರಾಟ ಎಂಬ ಟಾರ್ಗೆಟ್ ಬೇರೆ. ಕಸದ ಬುಟ್ಟಿಗೆ ಹೋಗಲಿದ್ದ ಬಳೆಗಳಲ್ಲಿ ಒಂದನ್ನು ಅವರು ಬ್ಯಾಗಿಗೆ ಹಾಕಿಕೊಂಡು ಬಂದದ್ದು ಆ ಕಾಂಟ್ರಾಕ್ಟಿನಲ್ಲಿ.

ಬಾಲ್ಕನಿಯ ಕತೆಯೂ ಹೀಗೆಯೇ. ಹಿಂದೆ ಸಮುದ್ರ ನೋಡಬೇಕಾದರೆ ಎಲ್ಲರೂ ಬರಬೇಕಿದ್ದದ್ದು ಹಡಗಿನ ಸುತ್ತಲಿದ್ದ ನಡೆಯುವ ಡೆಕ್ಕಿಗೆ. ಒಂದು ಥರದ ಊರ ಜಗಲಿ ಅದು. 1984ರ ರಾಯಲ್ ಪ್ರಿನ್ಸೆಸ್ ಹಡಗಿನಲ್ಲಿ ಎಲ್ಲ ಕೋಣೆಗಳಿಗೂ ಹೊರಗಿನ ನೋಟ ಇಟ್ಟರು; 1995ರ ಸನ್ ಪ್ರಿನ್ಸೆಸ್ ಬರುವಾಗ ಬಾಲ್ಕನಿ ಇರುವ ಕೋಣೆಗಳೇ ನಾನೂರು ದಾಟಿದವು. ಬಾಲ್ಕನಿಗೆ ಜನ ಹೆಚ್ಚು ದುಡ್ಡು ಕೊಡುತ್ತಾರೆ. ಜಗಲಿ ಕತ್ತರಿಸಿ ಮನೆಮನೆಗೆ ಹಂಚಿದಂತಾಯಿತು.

ಆಮೇಲೆ ಗಾತ್ರ. 1912ರ ಟೈಟಾನಿಕ್ 46,328 ಟನ್ನಿನದ್ದು. 2024ರಲ್ಲಿ ಓಡಾಟ ಶುರುಮಾಡಿದ ಐಕಾನ್ ಆಫ್ ದಿ ಸೀಸ್ 2,48,663. (ಇಲ್ಲಿ ಟನ್ನು ಎಂದರೆ ತೂಕವಲ್ಲ, ಹಡಗಿನೊಳಗಿನ ಜಾಗದ ಅಳತೆ.) ಇದು 7,600 ಪ್ರಯಾಣಿಕರನ್ನು ಹೊರಬಲ್ಲದು. ನಡುವೆ ಏನೇನೋ ಬಂದವು: 1999ರ ವಾಯೇಜರ್ ಆಫ್ ದಿ ಸೀಸ್‌ನಲ್ಲಿ ಐಸ್ ಸ್ಕೇಟಿಂಗ್ ಅಂಕಣ ಮತ್ತು ಹತ್ತುವ ಗೋಡೆ, 2006ರ ಫ್ರೀಡಂ ಆಫ್ ದಿ ಸೀಸ್‌ನಲ್ಲಿ ಅಲೆ ಸವಾರಿಯ ಯಂತ್ರ, 2017ರ ನಾರ್ವೇಜಿಯನ್ ಜಾಯ್‌ನಲ್ಲಿ ಗೋ ಕಾರ್ಟ್ ರಸ್ತೆ. ಇವುಗಳಲ್ಲಿ ಕೆಲವಕ್ಕೆ ಬೇರೆ ಶುಲ್ಕ ಉಂಟು, ಕೆಲವು ಟಿಕೆಟಿನಲ್ಲೇ ಬಂತು. ಆದರೆ ಶುಲ್ಕವಿಲ್ಲದ್ದೂ ದುಡಿಯುತ್ತದೆ, ಜಾಹೀರಾತಿನಲ್ಲಿ. ಹಗ್ಗದ ಬಳೆ ಎಸೆಯುವ ಇಬ್ಬರು ಮುದುಕರ ಫೋಟೊ ನೋಡಿ ಯಾರು ಟಿಕೆಟು ಬುಕ್ ಮಾಡುತ್ತಾರೆ? 1990ರಲ್ಲಿ ಜಗತ್ತಿನಲ್ಲಿ ಕ್ರೂಸ್ ಹೋದವರು ಸುಮಾರು 38 ಲಕ್ಷ; 2023ರಲ್ಲಿ 3.17 ಕೋಟಿ. ಈ ಹೊಸ ಕೋಟ್ಯಂತರ ಜನರಿಗೆ ಹಡಗು ಎಂದರೆ ತೇಲುವ ರೆಸಾರ್ಟು. ಅವರಿಗೆ ರಜೆ ಕೆಲವೇ ದಿನ, ದಿನಕ್ಕೊಂದು ಬಂದರು ಬೇಕು. ಸೀ ಡೇ ಬಂದರೂ ಅದರಲ್ಲಿ ಖಾಲಿ ಗಂಟೆ ಉಳಿಯಬಾರದು. ಇಡೀ ರಾತ್ರಿಯ ಯಕ್ಷಗಾನ ಕಾಲಮಿತಿಗೆ ಬಂದದ್ದು ಕಲಾವಿದರಿಗೆ ಕುಣಿಯಲು ಬಾರದೆ ಅಲ್ಲವಲ್ಲ. ಬೆಳಗಿನವರೆಗೆ ಕೂರುವ ಪುರುಸೊತ್ತು ನೋಡುವವರಿಗೆ ಇಲ್ಲದೆ ಹೋಯಿತು.

ಈ ಆಟಗಳು ಹೊತ್ತು ಕಳೆಯುವುದರ ಜೊತೆಗೆ ಇನ್ನೊಂದು ಕೆಲಸ ಮಾಡುತ್ತಿದ್ದವು, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗುರುತಿಲ್ಲದವರನ್ನು ಗುರುತು ಮಾಡಿಸುತ್ತಿದ್ದವು. ಆಟಕ್ಕೆ ಎದುರಾಳಿ ಬೇಕು. ಹಲಗೆಯ ಮೇಲೆ ಹೆಸರು ಬರೆಸಿದರೆ ಚೀಟಿ ಎತ್ತಿ ಜೋಡಿ ಹಾಕುತ್ತಿದ್ದರು. ಬೆಳಿಗ್ಗೆ ಆಡಿ ಸೋತವನನ್ನು ಮಧ್ಯಾಹ್ನ ಊಟದ ಮೇಜಿನಲ್ಲಿ ಕೆಣಕಬಹುದಿತ್ತು, ಯಾಕೆಂದರೆ ಇಡೀ ಪ್ರಯಾಣಕ್ಕೆ ಒಬ್ಬರಿಗೆ ಒಂದೇ ಮೇಜು, ಅದೇ ಪಂಕ್ತಿ. 2000ದಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ ಕಂಪನಿ ಬೇಕಾದಾಗ ಬೇಕಾದಲ್ಲಿ ಊಟ ಎಂಬ ಪದ್ಧತಿ ತಂದಿತು, ಉಳಿದವರೂ ಹಿಂಬಾಲಿಸಿದರು. ಅನುಕೂಲ ಹೌದು. ಆದರೆ ಆರು ಸಾವಿರ ಜನರ ನಡುವೆ ನಿನ್ನೆ ಕಂಡವರು ಇವತ್ತು ಕಾಣುವುದಿಲ್ಲ. ಟೂರ್ನಮೆಂಟಿನ ಸೆಮಿಫೈನಲಿಗೆ ಎದುರಾಳಿಯನ್ನು ಎಲ್ಲಿ ಹುಡುಕುವುದು?

ಮೊಬೈಲಿನ ಪಾತ್ರ ಬರುವುದು ಇಲ್ಲಿ, ಕೊನೆಯ ಅಂಕದಲ್ಲಿ. ದಿನಾ ರಾತ್ರಿ ಕ್ಯಾಬಿನ್ನಿನ ಬಾಗಿಲ ಕೆಳಗೆ ತಳ್ಳುತ್ತಿದ್ದ ಮರುದಿನದ ಕಾರ್ಯಕ್ರಮ ಪಟ್ಟಿ ಈಗ ಅನೇಕ ಹಡಗುಗಳಲ್ಲಿ ಆ್ಯಪಿಗೆ ಹೋಗಿದೆ. ಅದನ್ನು ಹಿಡಿದುಕೊಂಡು ನಾಷ್ಟಾದ ಹೊತ್ತಿಗೆ ಪಕ್ಕದವರಲ್ಲಿ “ಹತ್ತು ಗಂಟೆಗೆ ಬರ್ತೀರಾ?” ಎಂದು ಕೇಳುವ ನೆವವೂ ಹೋಯಿತು. 2022ರಿಂದ ದೊಡ್ಡ ಕಂಪನಿಗಳು ಸ್ಟಾರ್‌ಲಿಂಕ್ ಎಂಬ ಉಪಗ್ರಹ ಇಂಟರ್ನೆಟ್ಟು ಹಾಕಿಸತೊಡಗಿದ ಮೇಲೆ ನಡುಗಡಲಲ್ಲೂ ಮನೆಯ ವಾಟ್ಸ್ಆ್ಯಪ್ ಗ್ರೂಪು ಜೀವಂತ. ದಡ ಕಾಣದಿದ್ದರೂ ದಡ ಬಿಟ್ಟಂತಾಗುವುದಿಲ್ಲ.

ಒಂದೆರಡು ಆಟಗಳನ್ನು ಮಾತ್ರ ಕಾನೂನು ನಿಲ್ಲಿಸಿತು, ಅದು ಒಳ್ಳೆಯದೇ ಆಯಿತು. ಹಡಗಿನ ಹಿಂಭಾಗದಿಂದ ಮಣ್ಣಿನ ಬಿಲ್ಲೆ ಹಾರಿಸಿ ಬಂದೂಕಿನಲ್ಲಿ ಹೊಡೆಯುವುದು, ಗಾಲ್ಫ್ ಚೆಂಡನ್ನು ಸಮುದ್ರಕ್ಕೆ ಬಾರಿಸುವುದು ಒಂದು ಕಾಲದ ಶೋಕಿ. ಹಡಗಿನ ಮಾಲಿನ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಮಾರ್ಪೋಲ್‌ನ ಐದನೆಯ ಅನುಬಂಧ 1988ರ ಡಿಸೆಂಬರ್ 31ರಂದು ಜಾರಿಗೆ ಬಂದು ಪ್ಲಾಸ್ಟಿಕ್ ಎಸೆಯುವುದನ್ನು ನಿಷೇಧಿಸಿತು. ತಿದ್ದುಪಡಿಯಾದ ಅದೇ ಅನುಬಂಧ 2013ರ ಜನವರಿ 1ರಿಂದ ಕೆಲವು ವಿನಾಯಿತಿ ಬಿಟ್ಟು ಎಲ್ಲ ಬಗೆಯ ಕಸಕ್ಕೂ ಬಾಗಿಲು ಮುಚ್ಚಿತು. ಬೀಸುಬಲೆಗೆ ಮೀನಿಗಿಂತ ಹೆಚ್ಚು ಪ್ಲಾಸ್ಟಿಕ್ ಬರುವುದನ್ನು ನೋಡಿದ ನಮ್ಮೂರಿನವರಿಗೆ ಈ ಕಾನೂನಿನ ಬಗ್ಗೆ ತಕರಾರು ಇರಲಾರದು.

ಉಳಿದದ್ದೇನು ಎಂದು ನೋಡಿದರೂ ಕಾರಣ ತಿಳಿಯುತ್ತದೆ. ಬಿಂಗೊ ಗಟ್ಟಿಯಾಗಿ ಉಳಿದಿದೆ. ನಮ್ಮ ಇಗರ್ಜಿಯ ಹಬ್ಬದಲ್ಲಿ, ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ಆಡಿಸುವ ಹೌಸಿ ಹೌಸಿಯ ತಮ್ಮ ಅದು. ಹಡಗಿನಲ್ಲಿ ಈಗ ಕಾರ್ಡಿನ ಬದಲು ಎಲೆಕ್ಟ್ರಾನಿಕ್ ಯಂತ್ರವನ್ನೂ ಕೈಗೆ ಕೊಡುತ್ತಾರೆ, ನಂಬರನ್ನು ತಾನೇ ಹೊಡೆದುಕೊಳ್ಳುತ್ತದೆ. ಆಡುವವರು ದುಡ್ಡು ಕೊಟ್ಟು ಸುಮ್ಮನೆ ಕೂತರಾಯಿತು. ಬಿಂಗೊ ಉಳಿದದ್ದು ಟಿಕೆಟು ಮಾರುತ್ತದೆ ಎಂಬ ಕಾರಣಕ್ಕೆ. ಕ್ವಿಜ್ ಉಳಿದದ್ದು ಅದಕ್ಕೆ ಬೇರೆ ಜಾಗವೇ ಬೇಡ, ಬಾರಿನಲ್ಲೇ ನಡೆಸಬಹುದು ಎಂದು. ಇನ್ನು ನಿಜವಾದ ಸೀ ಡೇ ಎಲ್ಲಿದೆಯೋ ಅಲ್ಲಿ ಹಳೆಯವೂ ಉಸಿರಾಡುತ್ತಿವೆ. 2004ರಲ್ಲಿ ಓಡಾಟ ಶುರುಮಾಡಿದ ಕ್ವೀನ್ ಮೇರಿ 2 ಇಂದಿಗೂ ವಾರ ಹಿಡಿದು ಅಟ್ಲಾಂಟಿಕ್ ದಾಟುತ್ತದೆ, ಅದರಲ್ಲಿ ಶಫಲ್‌ಬೋರ್ಡೂ ಇದೆ, ಕಾಯ್ಟ್ಸೂ ಇದೆ. ಪಣಂಬೂರಿಗೆ ಬರುವ ಹಡಗುಗಳಲ್ಲೂ ಅರಬ್ಬಿ ಸಮುದ್ರವನ್ನು ಅಡ್ಡ ದಾಟಿ ಬರುವ, ಜಗತ್ತು ಸುತ್ತುವ, ನಿವೃತ್ತರೇ ತುಂಬಿರುವ ಚಿಕ್ಕ ಹಡಗುಗಳುಂಟು. ಮಾವ ಗೆರೆ ಹುಡುಕಿದ್ದು ಸುಮ್ಮನೆ ಅಲ್ಲ.

ಕೆಲವು ಆಟಗಳು ಹಡಗು ಬಿಟ್ಟು ದಡಕ್ಕೆ ಇಳಿದು ಅಲ್ಲೇ ಬೇರು ಬಿಟ್ಟವು. ಶಫಲ್‌ಬೋರ್ಡ್ 1913ರಲ್ಲೇ ಫ್ಲಾರಿಡಾದ ಡೇಟೋನಾ ಬೀಚಿನ ಹೋಟೆಲೊಂದರ ಅಂಗಳಕ್ಕೆ ಇಳಿದಿತ್ತು. ನನಗೆ ಆಶ್ಚರ್ಯವಾದದ್ದು ಡೆಕ್ ಟೆನಿಸಿನ ಕತೆ. ಓಲಾಡುವ ಹಡಗಿನಲ್ಲಿ ಚೆಂಡು ಇಟ್ಟುಕೊಂಡು ಟೆನಿಸ್ ಆಡಲಾಗದು. ಪುಟಿದ ಚೆಂಡು ನೇರ ಸಮುದ್ರಕ್ಕೆ. ಅದಕ್ಕೆ ಚೆಂಡಿನ ಬದಲು ಬಳೆ ಹಿಡಿದರು. ಬಳೆ ಪುಟಿಯುವುದಿಲ್ಲ, ಬಿದ್ದಲ್ಲೇ ಬೀಳುತ್ತದೆ. ಬ್ಯಾಟೂ ಬೇಡ: ಒಂದು ಕೈಯಲ್ಲಿ ಹಿಡಿ, ತಡಮಾಡದೆ ಅದೇ ಕೈಯಲ್ಲಿ ಬಲೆಯಾಚೆ ಎಸೆ. 1920ರ ದಶಕದಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯ ಹರ್ಮನ್ ಶ್ನೈಡರ್ ಎಂಬವರು ಹಡಗಿನಲ್ಲಿ ಇದನ್ನು ಕಂಡು ತಮ್ಮೂರಿನಲ್ಲಿ ಬೆಳೆಸಿದರು. ದಕ್ಷಿಣ ಆಫ್ರಿಕದಲ್ಲೂ ಇಂಡಿಯಾದಲ್ಲೂ ಇದು ಹಬ್ಬಿತು. 2006ರಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಚೆನ್ನೈಯಲ್ಲಿ.

ಹೌದು, ನಮ್ಮ ಟೆನ್ನಿಕಾಯ್ಟ್. ನಾವು ಹುಡುಗಿಯರು ‘ರಿಂಗ್’ ಎನ್ನುತ್ತಿದ್ದದ್ದು. ಸುರತ್ಕಲ್ಲಿನ ಶಾಲೆಯ ಜಂಬಿಟ್ಟಿಗೆ ಕಲ್ಲಿನ ಕಟ್ಟೆಯ ಪಕ್ಕ ಎರಡು ಕಂಬ ನೆಟ್ಟು, ಡ್ರಿಲ್ ಮಾಸ್ಟ್ರು ಬಲೆ ಕಟ್ಟಿಸಿ ನಮಗೆ ಕಲಿಸಿದ ಆಟ. ತಾಲೂಕು ಮಟ್ಟದವರೆಗೆ ಹೋಗಿ ಸೋತು ಬಂದಿದ್ದೇನೆ. ಅದು ಹಡಗಿನದ್ದೆಂದು ಮಾಸ್ಟ್ರು ಹೇಳಿರಲಿಲ್ಲ, ಅವರಿಗಾದರೂ ಗೊತ್ತಿತ್ತೋ ಇಲ್ಲವೋ. ಮಾವನೂ ನನ್ನ ಆಟವನ್ನು ಕಂಡವರಲ್ಲ; ನಾನು ಆಡುತ್ತಿದ್ದ ವರ್ಷಗಳಲ್ಲಿ ಅವರು ಶಿಪ್ಪಿನಲ್ಲಿದ್ದರು.

ಮೊನ್ನೆ ಶನಿವಾರ ಮಗಳ ಶಾಲೆಯ ರಿಂಗನ್ನು ಮಾವನ ಮನೆಗೆ ತೆಗೆದುಕೊಂಡು ಹೋದೆ. ನೀಲಿ ರಬ್ಬರಿನದ್ದು, ಒಂದು ಕಡೆ ಸೀಳಿದೆ. ಅವರು ಅದನ್ನು ಕೈಯಲ್ಲಿ ತೂಗಿ ನೋಡಿದರು, ಮೊಳೆಯಿಂದ ಹಗ್ಗದ ಬಳೆ ತೆಗೆದು ಅದರ ಮೇಲೆ ಇಟ್ಟು ಅಳತೆ ನೋಡಿದರು. ಹೆಚ್ಚುಕಡಿಮೆ ಒಂದೇ.

“ಇದು ಹಗುರ ಆಯ್ತು. ಗಾಳಿಗೆ ನಿಲ್ಲುದಿಲ್ಲ” ಎಂದರು.

“ಶಾಲೆ ಅಂಗಳದಲ್ಲಿ ಅಷ್ಟು ಗಾಳಿ ಎಲ್ಲಿಂದ ಬರ್ಬೇಕು ಮಾವ?”

“ಹಾಗಾದ್ರೆ ಸಾಕು” ಎಂದು ಅಂಗಳಕ್ಕೆ ಇಳಿದು, ತುಳಸಿಕಟ್ಟೆಯಾಚೆ ನಿಂತಿದ್ದ ನನ್ನ ಮಗಳಿಗೆ ಹಗ್ಗದ್ದನ್ನೇ ಎಸೆದರು. ಅವಳು ಎರಡೂ ಕೈಯಲ್ಲಿ ಹಿಡಿದಳು. ಫೌಲು.